ಮೂರು ವಾರ ಅಂಗಡಿ ಇಲ್ಲದ ದಾರಿ

1492ರ ಆಗಸ್ಟಿನಲ್ಲಿ ಕೊಲಂಬಸ್ ಸ್ಪೇನ್ ಬಿಟ್ಟ ಕೆಲವೇ ದಿನಕ್ಕೆ ‘ಪಿಂಟಾ’ ಹಡಗಿನ ಚುಕ್ಕಾಣಿ ಕಳಚಿಕೊಂಡಿತು. ರಿಪೇರಿಗೆ ಅದು ಆಫ್ರಿಕಾದ ವಾಯವ್ಯ ಕರಾವಳಿಯಾಚೆಯ ಗ್ರಾನ್ ಕನೇರಿಯಾ ದ್ವೀಪಕ್ಕೆ ಬಂತು. ಬಂದದ್ದೇ ಆಯಿತು ಅಂತ ತಂಡದ ಒಂದು ಹಡಗಿನ ತ್ರಿಕೋನ ಹಾಯಿಯನ್ನೂ ಅಲ್ಲೇ ಬದಲಿಸಿ ಚೌಕದ ಹಾಯಿ ಕಟ್ಟಿದರು. ಕನೇರಿ ದ್ವೀಪಗಳಲ್ಲೇ ಸುಮಾರು ಒಂದು ತಿಂಗಳು ಕಳೆದುಹೋಯಿತು.

ಈಗಲೂ ಪ್ರತಿ ನವೆಂಬರಿನಲ್ಲಿ ಅದೇ ದ್ವೀಪದ ಲಾಸ್ ಪಾಲ್ಮಾಸ್ ಬಂದರಿನಲ್ಲಿ ಇಂಥದ್ದೇ ಗಡಿಬಿಡಿ. ಯಾರೋ ಹಾಯಿ ಕಟ್ಟುವ ಕೂವೆಮರದ ತುದಿಯಲ್ಲಿ ನೇತಾಡುತ್ತಾ ತಿರುಪು ಬಿಗಿ ಮಾಡುತ್ತಿರುತ್ತಾರೆ. ಯಾರೋ ಕಟ್ಟೆಯ ಮೇಲೆ ಈರುಳ್ಳಿ ಒಣಹಾಕಿರುತ್ತಾರೆ. ‘ಅಟ್ಲಾಂಟಿಕ್ ರ‍್ಯಾಲಿ ಫಾರ್ ಕ್ರೂಸರ್ಸ್’ ಹೊರಡುವ ಜಾಗ ಇದು. ಸಾಗರದಾಟಿನ ಈ ರ‍್ಯಾಲಿಯನ್ನು 1986ರಲ್ಲಿ ನಾವಿಕ, ಬರಹಗಾರ ಜಿಮ್ಮಿ ಕಾರ್ನೆಲ್ ಶುರು ಮಾಡಿದರು. ಮೊದಲ ವರ್ಷವೇ 200ಕ್ಕೂ ಹೆಚ್ಚು ಹಾಯಿದೋಣಿಗಳು ಬಂದಿದ್ದವು. ಗುರಿ ಕೆರಿಬಿಯನ್ನಿನ ಸೇಂಟ್ ಲೂಸಿಯಾ ದ್ವೀಪ. ದೂರ ಸುಮಾರು 2,700 ನಾಟಿಕಲ್ ಮೈಲಿ, ಅಂದರೆ 5,000 ಕಿಲೋಮೀಟರ್. ಸಾಧಾರಣ ದೋಣಿಯ ವೇಗ ಗಂಟೆಗೆ ಹತ್ತು ಕಿಲೋಮೀಟರ್. ಆರಾಮಾಗಿ ಸೈಕಲ್ ತುಳಿದಷ್ಟೇ! ಮೂರು ವಾರ ಬೇಕು.

ನವೆಂಬರೇ ಯಾಕೆ? ಆ ಹೊತ್ತಿಗೆ ಚಂಡಮಾರುತಗಳ ಕಾಲ ಮುಗಿಯುತ್ತಾ ಬಂದಿರುತ್ತದೆ. ಮತ್ತೆ, ಶಾಲೆಯಲ್ಲಿ ಓದಿದ ವಾಣಿಜ್ಯ ಮಾರುತಗಳು ನೆನಪಿವೆ ಅಲ್ವಾ? 30 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಕೆಳಗಿಳಿದ ಗಾಳಿ ಸಮಭಾಜಕದ ಕಡೆ ಹೊರಡುತ್ತದೆ. ಭೂಮಿ ತಿರುಗುವುದರಿಂದ ಉತ್ತರಾರ್ಧ ಗೋಳದಲ್ಲಿ ಅದರ ದಾರಿ ಬಲಕ್ಕೆ ಬಾಗುತ್ತದೆ. ಹಾಗಾಗಿ ಅದು ಈಶಾನ್ಯದಿಂದ, ದೋಣಿಯ ಬೆನ್ನಿಗೆ ಬೀಸುತ್ತದೆ. ‘ಬೆಣ್ಣೆ ಕರಗುವ ತನಕ ದಕ್ಷಿಣಕ್ಕೆ ಹೋಗು, ಆಮೇಲೆ ಪಶ್ಚಿಮಕ್ಕೆ ತಿರುಗು’ ಎನ್ನುವುದು ನಾವಿಕರ ಹಳೇ ಮಾತು. ತಮಾಷೆಯಂತಿದ್ದರೂ ಲೆಕ್ಕ ಸರಿಯಾಗಿದೆ. ಬೆಣ್ಣೆ ಕರಗುವಷ್ಟು ಸೆಖೆಯಿರುವ ಕಡೆ ಈ ಗಾಳಿಯೂ ಜಾಸ್ತಿ ನಂಬಿಕಸ್ಥ.

ಸಮುದ್ರ ಅಂದ ಕೂಡಲೇ ನಮಗೆ ಬಿರುಗಾಳಿಯ ಚಿತ್ರ ಬರುತ್ತದೆ. ಆದರೆ ಈ ದಾರಿಯಲ್ಲಿ ದೋಣಿಯನ್ನು ಹೆಚ್ಚಾಗಿ ಸವೆಸುವುದು ಒಂದೇ ದೊಡ್ಡ ಏಟಲ್ಲ, ಲಕ್ಷಾಂತರ ಸಣ್ಣ ಏಟುಗಳು. ಗಾಳಿ, ಅಲೆ ಎರಡೂ ಹಿಂದಿನಿಂದ ಬಂದರೆ ದೋಣಿ ತೊಟ್ಟಿಲಿನಂತೆ ಅತ್ತಿತ್ತ ಹೊರಳುತ್ತದೆ. ಐದು ಸೆಕೆಂಡಿಗೆ ಒಂದು ಹೊರಳು ಅಂತಿಟ್ಟುಕೊಳ್ಳಿ. ದಿನಕ್ಕೆ 17,280. ಇಪ್ಪತ್ತು ದಿನಕ್ಕೆ ಮೂರೂವರೆ ಲಕ್ಷದ ಹತ್ತಿರ. ಪ್ರತಿ ಹೊರಳಿಗೂ ಹಾಯಿ ಎತ್ತುವ ಹಗ್ಗ ಕೂವೆಮರದ ತುದಿಯ ರಾಟೆಯ ಮೇಲೆ ಕೂದಲೆಳೆಯಷ್ಟು ಜರುಗುತ್ತದೆ. ಬಾವಿಯ ಹಗ್ಗ ಕಲ್ಲನ್ನೇ ಸವೆಸಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಸವೆಯುವುದು ಹಗ್ಗ. ಅದಕ್ಕೇ ಅನುಭವಿಗಳು ದಿನಕ್ಕೊಮ್ಮೆ ಹಗ್ಗವನ್ನು ಒಂದಿಷ್ಟು ಸಡಿಲಿಸಿ, ಇಲ್ಲವೇ ಎಳೆದು, ಉಜ್ಜುವ ಜಾಗ ಬದಲಿಸುತ್ತಾರೆ. ಬೆಳಗಾದರೆ ದೋಣಿಯ ಮೇಲೆ ಒಂದು ಸುತ್ತು ಹಾಕುತ್ತಾರೆ. ರಾತ್ರಿ ಬಂದು ಬಿದ್ದ ಹಾರುಮೀನು ಸಿಕ್ಕಿದರೆ ಸಂತೋಷ. ಒಂಟಿ ನಟ್ಟು ಸಿಕ್ಕಿದರೆ ಯಾರಿಗೂ ತಿಂಡಿ ರುಚಿಸುವುದಿಲ್ಲ. ಅದು ಎಲ್ಲಿಂದ ಬಿತ್ತು?

ನೀರಿನ ಲೆಕ್ಕ ಕೂಡ ಬಂದರಿನಲ್ಲೇ ಆಗಬೇಕು. ಕುಡಿಯಲು, ಅಡುಗೆಗೆ ಒಬ್ಬೊಬ್ಬರಿಗೆ ದಿನಕ್ಕೆ ಮೂರು ಲೀಟರ್ ಅಂದರೆ, ಐದು ಜನಕ್ಕೆ ಇಪ್ಪತ್ತು ದಿನಕ್ಕೆ 300 ಲೀಟರ್. ಗಾಳಿ ಕೈಕೊಟ್ಟರೆ ಅಂತ ಇನ್ನರ್ಧ ಸೇರಿಸಿ. ಉಪ್ಪುನೀರು ಸಿಹಿ ಮಾಡುವ ಯಂತ್ರ ಇದೆಯಲ್ಲ ಅನ್ನಬಹುದು. ಲೀಟರಿಗೆ 35 ಗ್ರಾಂ ಉಪ್ಪಿರುವ ನೀರನ್ನು ಉಪ್ಪು ತಡೆಯುವ ಪೊರೆಯ ಮೂಲಕ ದಾಟಿಸಲು ಕಾರಿನ ಟಯರಿನೊಳಗಿನ ಒತ್ತಡದ ಸುಮಾರು ಇಪ್ಪತ್ತೈದು ಪಟ್ಟು ಬೇಕು. ಅಷ್ಟು ಒತ್ತಡಕ್ಕೆ ಕರೆಂಟು ಬೇಕು. ಅದೇ ಬ್ಯಾಟರಿಯನ್ನು ತಾನಾಗಿ ಚುಕ್ಕಾಣಿ ಹಿಡಿಯುವ ಯಂತ್ರ, ಫ್ರಿಜ್ಜು, ದೀಪ, ರೇಡಿಯೋ ಎಲ್ಲವೂ ಹೀರುತ್ತಿರುತ್ತವೆ. ಹಾಗಾಗಿ ಯಂತ್ರ ಇದ್ದರೂ ನೀರನ್ನು ಬೇರೆ ಬೇರೆ ಟ್ಯಾಂಕಿನಲ್ಲಿ ತುಂಬಿಕೊಳ್ಳುವುದು ಜಾಣತನ. ಒಂದು ಕೆಟ್ಟರೆ ಇನ್ನೊಂದಿರುತ್ತದೆ.

ಅಡುಗೆಮನೆಯ ವಿಜ್ಞಾನ ನನಗೆ ಇನ್ನೂ ಇಷ್ಟ. ರಟ್ಟಿನ ಡಬ್ಬಗಳನ್ನು ದೋಣಿಯೊಳಗೆ ತರುವುದಿಲ್ಲ, ಮಡಿಕೆಗಳಲ್ಲಿ ಜಿರಳೆ ಮೊಟ್ಟೆ ಇರಬಹುದು. ಕೋಳಿಮೊಟ್ಟೆ ತೊಳೆಯದ್ದೇ ಬೇಕು, ಸಿಪ್ಪೆಯ ಮೇಲಿನ ಸಹಜ ಲೇಪ ಒಳಗೆ ಸೂಕ್ಷ್ಮಜೀವಿ ಹೋಗದಂತೆ ತಡೆಯುತ್ತದೆ. ಬಾಳೆಗೊನೆ ಕಟ್ಟಿಕೊಂಡರೆ ಪಜೀತಿ. ಒಂದು ಹಣ್ಣು ಬಿಡುವ ಎಥಿಲೀನ್ ಅನಿಲ ಪಕ್ಕದ್ದನ್ನೂ ಮಾಗಿಸಿ, ಎರಡೇ ದಿನದಲ್ಲಿ ಇಡೀ ಗೊನೆ ತಿಂದು ಮುಗಿಸಬೇಕಾಗುತ್ತದೆ. ನಮ್ಮ ಕುಕ್ಕರಿಗೆ ಇಲ್ಲಿ ಭಾರೀ ಮರ್ಯಾದೆ. ಗ್ಯಾಸ್ ಉಳಿಯುತ್ತದೆ, ಮುಚ್ಚಳ ಕಚ್ಚಿಕೊಂಡಿರುವುದರಿಂದ ದೋಣಿ ಎಷ್ಟೇ ಹೊರಳಿದರೂ ಬಿಸಿ ಸಾರು ಮೈಮೇಲೆ ಚೆಲ್ಲುವುದಿಲ್ಲ.

ಇನ್ನು ಜನ. ರಾತ್ರಿಯಿಡೀ ಒಬ್ಬರಾದರೂ ಎಚ್ಚರ ಇರಬೇಕು, ಹಾಗಾಗಿ ಸರದಿ. ಗಾಢ ನಿದ್ದೆಯಿಂದ ಎದ್ದವರ ತಲೆ ತಿಳಿಯಾಗಲು ಅರ್ಧ ಗಂಟೆಯೇ ಹಿಡಿಯಬಹುದು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಆದ್ದರಿಂದ ಒಳಗೆ ಮಂದ ಕೆಂಪು ದೀಪ ಉರಿಸುತ್ತಾರೆ, ಇರುಳುನೋಟದ ಕಣ್ಣಕೋಶಗಳಿಗೆ ಕೆಂಪು ಅಷ್ಟಾಗಿ ತಾಗುವುದಿಲ್ಲ. ಕತ್ತಲಲ್ಲಿ ಹೊರಗೆ ಬಂದವರು ಎದೆಗೆ ಕಟ್ಟಿದ ಪಟ್ಟಿಯನ್ನು ದೋಣಿಗೆ ಸಿಕ್ಕಿಸಿಕೊಳ್ಳಲೇಬೇಕು. ಸೈಕಲ್ ವೇಗ ಅಂದೆನಲ್ಲ, ಅದು ಸೆಕೆಂಡಿಗೆ ಸುಮಾರು ಮೂರು ಮೀಟರ್. ಯಾರಾದರೂ ಬಿದ್ದು ಒಂದು ನಿಮಿಷ ಕಳೆದರೆ ದೋಣಿ ಸುಮಾರು 170 ಮೀಟರ್ ಮುಂದಿರುತ್ತದೆ. ಅಷ್ಟು ದೂರದಿಂದ, ಅಲೆಗಳ ನಡುವೆ, ಮನುಷ್ಯನ ತಲೆ ತೇಲುವ ಒಂದು ತೆಂಗಿನಕಾಯಿ. ಬಿದ್ದವರನ್ನು ಎತ್ತುವುದನ್ನು ಬಂದರು ಬಿಡುವ ಮೊದಲೇ ಅಭ್ಯಾಸ ಮಾಡುವುದು ಇದಕ್ಕೇ.

ಹೊರಡುವ ಮುಂಚೆ ರ‍್ಯಾಲಿಯವರು ದೋಣಿಗೆ ಬಂದು ಸುರಕ್ಷತೆಯ ಸಾಮಾನುಗಳನ್ನೆಲ್ಲ ನೋಡುತ್ತಾರೆ: ಗಾಳಿ ತುಂಬುವ ಜೀವರಕ್ಷಕ ತೆಪ್ಪ, ಉಪಗ್ರಹಕ್ಕೆ 406 ಮೆಗಾಹರ್ಟ್ಸ್‌ನಲ್ಲಿ ಕೂಗು ಕಳಿಸುವ ಪೆಟ್ಟಿಗೆ, ಪಟಾಕಿಯಂತೆ ಹಾರುವ ಸಂಕೇತದೀಪ. ತುರ್ತು ಚುಕ್ಕಾಣಿ ಹಿಡಿಯನ್ನೂ ಕೇಳುತ್ತಾರೆ. ಚುಕ್ಕಾಣಿ ತಿರುಗಿಸುವ ಚಕ್ರದ ತಂತಿ ಹರಿದರೆ ಚುಕ್ಕಾಣಿಯ ದಂಡಕ್ಕೇ ನೇರ ಸಿಕ್ಕಿಸಿ ತಿರುಗಿಸುವ ಕಬ್ಬಿಣದ ಕೋಲು ಅದು. ಕಾರ್ಖಾನೆಯಿಂದ ಬಂದಾಗ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಯಾವುದೋ ಮೂಲೆಗೆ ಇಟ್ಟದ್ದನ್ನು ಎಷ್ಟೋ ಜನ ಒಮ್ಮೆಯೂ ಬಿಚ್ಚಿರುವುದಿಲ್ಲ. ಒಮ್ಮೆ ಸಿಕ್ಕಿಸಿ, ಆ ಕಡೆ ಈ ಕಡೆ ಪೂರ್ತಿ ತಿರುಗಿಸಿ ನೋಡಬೇಕು. ಚಕ್ರಕ್ಕೋ ಕೂರುವ ಹಲಗೆಗೋ ತಾಗಿದರೆ, ಲಾಸ್ ಪಾಲ್ಮಾಸಿನಲ್ಲಿ ವೆಲ್ಡಿಂಗ್ ಮಾಡುವವರು ಸಿಗುತ್ತಾರೆ.