ಫೀಸು ಕಟ್ಟುವ ಶಾಲೆಗೆ ತುಮಕೂರಿನ ತಂದೆತಾಯಿ ಹೊರಳಿದ್ದೇಕೆ?

ಶಿಕ್ಷಣ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 1992ರ ಜುಲೈ 30ರಂದು ಹೇಳಿತು. ಮೋಹಿನಿ ಜೈನ್ ಪ್ರಕರಣವೆಂದು ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಈ ತಕರಾರು ಹುಟ್ಟಿದ್ದು ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರ ಶುಲ್ಕದಿಂದ. ಹೊರರಾಜ್ಯದವರಿಂದ ವರ್ಷಕ್ಕೆ 60,000 ರೂಪಾಯಿವರೆಗೆ ಪಡೆಯಬಹುದೆಂದು ರಾಜ್ಯ ಸರ್ಕಾರವೇ 1989ರಲ್ಲಿ ಅಧಿಸೂಚನೆ ಹೊರಡಿಸಿತ್ತು. ಮುಂದೆ 2002ರ ಸಂವಿಧಾನ ತಿದ್ದುಪಡಿ ಬಂತು, 2009ರಲ್ಲಿ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಕಾಯ್ದೆಯೂ ಬಂತು. ಕಾಗದದ ಮೇಲೆ ಹಕ್ಕು ಗಟ್ಟಿಯಾಗುತ್ತಿದ್ದ ಅದೇ ವರ್ಷಗಳಲ್ಲಿ ಜಿಲ್ಲೆಯ ಕೂಲಿಕಾರರೂ ಸಣ್ಣ ರೈತರೂ ಸಾಲ ಮಾಡಿ ಫೀಸು ಕಟ್ಟುವ ಶಾಲೆಗಳತ್ತ ಹೊರಟರು.

ಅದಕ್ಕೆ ಮೊದಲೂ ಇಲ್ಲಿ ಸರ್ಕಾರೇತರ ಶಾಲೆಗಳಿದ್ದವು, ಆದರೆ ಅವುಗಳ ಜಾತಿಯೇ ಬೇರೆ. ಸಿದ್ಧಗಂಗಾ ಮಠ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ಅಕ್ಷರಗಳನ್ನು ಉಚಿತವಾಗಿ ಕೊಡುತ್ತ ಬಂದಿದೆ. ಮಠಗಳೂ ಊರಿನ ಹಿರಿಯರೂ ಕಟ್ಟಿದ ಅನುದಾನಿತ ಶಾಲೆಗಳಲ್ಲಿ ಮೇಷ್ಟ್ರ ಸಂಬಳ ಸರ್ಕಾರದ್ದು. ಕ್ರಮೇಣ ಅನುದಾನದ ಬಾಗಿಲು ಮುಚ್ಚಿತು. 1995ರ ನಂತರ ಶುರುವಾದ ಕನ್ನಡ ಮಾಧ್ಯಮ ಶಾಲೆಗಳು ಇಂದಿಗೂ ಅನುದಾನ ಕೇಳುತ್ತಲೇ ಇವೆ. ಹೊಸದಾಗಿ ಶಾಲೆ ತೆರೆದವನಿಗೆ ಫೀಸೇ ಆದಾಯ ಎಂದಾದ ಮೇಲೆ, ಪಕ್ಕದ ಸರ್ಕಾರಿ ಶಾಲೆಯಲ್ಲಿ ಸಿಗದ ಏನನ್ನಾದರೂ ಅವನು ಕೊಡಲೇಬೇಕಿತ್ತು. ಆ ಸರಕು ಇಂಗ್ಲಿಷ್.

ಸರಕಿನ ಬೆಲೆ ಏರಿಸಿದ್ದು ಸರ್ಕಾರವೇ. ಒಂದರಿಂದ ನಾಲ್ಕನೆಯ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು 1994ರ ಏಪ್ರಿಲ್‌ನಲ್ಲಿ ಆದೇಶ ಹೊರಟಿತು. ಉದ್ದೇಶ ದೊಡ್ಡದು, ನಿಗಾ ಸಣ್ಣದು. ಅನುಮತಿ ಕನ್ನಡಕ್ಕೆ, ಪಾಠ ಇಂಗ್ಲಿಷಿನಲ್ಲಿ ಎಂಬ ಆಟ ರಾಜ್ಯದುದ್ದಕ್ಕೂ ನಡೆಯಿತು. 2006ರಲ್ಲಿ ಇಂಥ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆ ರದ್ದುಪಡಿಸಲು ಸರ್ಕಾರ ಹೊರಟಿತು. ಇತ್ತ ಸರ್ಕಾರಿ ಶಾಲೆಯ ಮಗು ಇಂಗ್ಲಿಷನ್ನು ಐದನೆಯ ತರಗತಿಯಲ್ಲಿ ಮೊದಲು ನೋಡುತ್ತಿತ್ತು. ಒಂದನೆಯ ತರಗತಿಯಿಂದ ಅದು ಒಂದು ವಿಷಯವಾದದ್ದು 2007-08ರಲ್ಲಿ. 1994ರ ಆದೇಶ 2008ರಲ್ಲಿ ಹೈಕೋರ್ಟಿನಲ್ಲಿಯೂ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದಲ್ಲಿಯೂ ಬಿದ್ದುಹೋಯಿತು. ಅಷ್ಟರಲ್ಲಿ ಇಂಗ್ಲಿಷ್ ಬೇಕಾದರೆ ದುಡ್ಡು ಕೊಡಬೇಕು ಎಂಬುದು ಊರೂರಿಗೂ ಮನದಟ್ಟಾಗಿತ್ತು.

ಪಾವಗಡದಲ್ಲಿ ಈ ಮಾಧ್ಯಮದ ಚರ್ಚೆಗೆ ಇನ್ನೊಂದು ತಿರುವಿದೆ. ಬಹುಪಾಲು ಆಂಧ್ರದ ಗಡಿಯೇ ಸುತ್ತುವರಿದ ಆ ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಆ ಮಗುವಿಗೆ ಶಾಲೆಯ ಕನ್ನಡವೂ ಕಲಿಯಬೇಕಾದ ಭಾಷೆಯೇ. ಕಲಿಯುವುದೇ ಆದರೆ ಇಂಗ್ಲಿಷನ್ನೇ ಕಲಿಯಲಿ ಎಂದು ಅಪ್ಪ ಲೆಕ್ಕ ಹಾಕಿದರೆ ಅವನನ್ನು ಭಾಷಾದ್ರೋಹಿ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಇಂಗ್ಲಿಷಿಗಿಂತಲೂ ಕಡಿಮೆ ಚರ್ಚೆಯಾದ ಕಾರಣ ವಯಸ್ಸು. ಸರ್ಕಾರಿ ಶಾಲೆ ದಶಕಗಳ ಕಾಲ ಮಗುವಿಗಾಗಿ ಒಂದನೆಯ ತರಗತಿಯಲ್ಲಿ ಕಾದಿತು. ಕಾನ್ವೆಂಟಿನವರು ಮಗುವನ್ನು ನಾಲ್ಕರ ಆಸುಪಾಸಿನಲ್ಲೇ ಎಲ್‌ಕೆಜಿಗೆ ಕರೆದುಕೊಂಡರು. ಅಂಗನವಾಡಿಯಲ್ಲಿ ಊಟವಿತ್ತು, ಮೊಟ್ಟೆಯಿತ್ತು. ಸ್ಲೇಟು ಹಿಡಿಸುವ ಕೆಲಸ ಹಿಂದೆ ಉಳಿಯಿತು. ಎರಡು ವರ್ಷ ಟೈ, ಡೈರಿ, ಹೋಂವರ್ಕಿಗೆ ಒಗ್ಗಿದ ಮಗುವನ್ನು ಒಂದನೆಯ ತರಗತಿಗೆ ಯಾರು ವಾಪಸು ಕರೆತರುತ್ತಾರೆ? ತಂದರೂ ಅಲ್ಲಿ ಕಾಣುವುದು ನಲಿಕಲಿ. ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ 2009-10ರ ಹೊತ್ತಿಗೆ ರಾಜ್ಯಕ್ಕೆಲ್ಲ ಹಬ್ಬಿದ ಈ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗೂಡಿ, ಕಾರ್ಡು ಹಿಡಿದು ಕಲಿಯುತ್ತಾರೆ. ಶಿಕ್ಷಣ ತಜ್ಞರು ಮೆಚ್ಚಿದ್ದಾರೆ. ಸಂಜೆ ಬ್ಯಾಗಿನಲ್ಲಿ ಬರೆದ ನೋಟ್‌ಬುಕ್ ಹುಡುಕುವ ತಾಯಿಗೆ ಮಾತ್ರ ಅಲ್ಲಿ ಪಾಠವೇ ನಡೆದಂತೆ ಕಾಣುವುದಿಲ್ಲ.

ಮೇಷ್ಟ್ರ ಮಾತೂ ಇದೆ. ಸರ್ಕಾರಿ ಶಿಕ್ಷಕರು ಹೆಚ್ಚು ಓದಿದವರು, ಹೆಚ್ಚು ಸಂಬಳದವರು. ಆದರೆ ಚುನಾವಣೆ, ಗಣತಿ, ಸಮೀಕ್ಷೆ ಎಲ್ಲಕ್ಕೂ ಅವರೇ ಬೇಕು. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮುಗಿಯಲಿಲ್ಲವೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆಯಲಾಯಿತು.

ಇಷ್ಟಾಗಿ ಫೀಸು ಕಟ್ಟಿದ ಮಗು ಹೆಚ್ಚು ಕಲಿಯುತ್ತದೆಯೇ? ಅವಿಭಜಿತ ಆಂಧ್ರದ ಐದು ಜಿಲ್ಲೆಗಳ ಹಳ್ಳಿಗಳಲ್ಲಿ 2008ರಿಂದ ನಡೆದ ಪ್ರಯೋಗವೊಂದು ಇದನ್ನೇ ಅಳೆಯಿತು. ಸರ್ಕಾರಿ ಶಾಲೆಯ ಮಕ್ಕಳಲ್ಲಿ ಕೆಲವರನ್ನು ಲಾಟರಿಯಲ್ಲಿ ಆರಿಸಿ, ಖರ್ಚು ಕೊಟ್ಟು ಖಾಸಗಿ ಶಾಲೆಗೆ ಕಳುಹಿಸಲಾಯಿತು. ನಾಲ್ಕು ವರ್ಷಗಳ ಮೇಲೆ ತೆಲುಗು ಮತ್ತು ಗಣಿತದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸರ್ಕಾರಿ ಶಾಲೆಯಲ್ಲಿ ಹೇಳಿಕೊಡದ ಹಿಂದಿಯಲ್ಲಿ ಮಾತ್ರ ಅವರು ಮುಂದಿದ್ದರು. ಖಾಸಗಿಯವರಿಗೆ ತಗುಲಿದ ವೆಚ್ಚವಾದರೋ ಸರ್ಕಾರದ್ದರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಎರಡೂ ಪಕ್ಷದವರು ತಮಗೆ ಬೇಕಾದ ಅರ್ಧವನ್ನಷ್ಟೇ ಉಲ್ಲೇಖಿಸುವುದನ್ನು ನೋಡಿದ್ದೇನೆ.

2012-13ರಿಂದ ಕಡ್ಡಾಯ ಶಿಕ್ಷಣ ಕಾಯ್ದೆಯಡಿ (ಆರ್‌ಟಿಇ) ಶೇ 25 ಸೀಟುಗಳನ್ನು ಬಡ ಮಕ್ಕಳಿಗೆ ಕೊಡಿಸಿ ಖಾಸಗಿ ಶಾಲೆಗೆ ಸರ್ಕಾರವೇ ಹಣ ತುಂಬಿತು. ತನ್ನ ಶಾಲೆಗಳೇ ಬರಿದಾಗುತ್ತಿವೆ ಎಂದು ಎಚ್ಚೆತ್ತು, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಆ ಸೀಟು ಇಲ್ಲವೆಂದು 2019-20ರಿಂದ ನಿಯಮ ಬದಲಿಸಿತು. ಅಣ್ಣ ಆರ್‌ಟಿಇ ಸೀಟಿನಲ್ಲಿ ಓದುತ್ತಿದ್ದ ಶಾಲೆಯಲ್ಲೇ ತಂಗಿಗೆ ಪೂರ್ತಿ ಫೀಸು ಬಿತ್ತು.

ಎಲ್‌ಕೆಜಿಯಿಂದ ಪಿಯುವರೆಗೆ ಒಂದೇ ಆವರಣ ಎಂಬ ಕರ್ನಾಟಕ ಪಬ್ಲಿಕ್ ಶಾಲೆಗಳು 2018ರಿಂದ ಬಂದವು. ಮರುವರ್ಷ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದವು. ಇವುಗಳಲ್ಲಿ ಕೆಲವು ಕಡೆ ಸೀಟಿಗೆ ಪೈಪೋಟಿಯೇ ನಡೆದಿದೆ. ಜನಕ್ಕೆ ಸರ್ಕಾರದ ಮೇಲೆ ಮುನಿಸಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಅಂಥ ಶಾಲೆ ಇರುವುದು ತಾಲ್ಲೂಕು ಕೇಂದ್ರದಲ್ಲಿ, ಇಲ್ಲವೇ ದೊಡ್ಡ ಹೋಬಳಿ ಊರಿನಲ್ಲಿ. ಹಳ್ಳಿಯ ನಾಲ್ಕು ವರ್ಷದ ಮಗು ಅಲ್ಲಿಗೆ ಹೋಗಿಬರಲು ವ್ಯಾನು ಬೇಕು, ಮತ್ತು ಬೆಳಗ್ಗೆ ಮನೆ ಬಾಗಿಲಿಗೆ ಬರುವ ವ್ಯಾನು ಖಾಸಗಿ ಶಾಲೆಯದು.