ನೋಡಲಿ ಬಿಡಿ, ತಿರುಗಿದಾಗ ಮೆಚ್ಚಿಕೊಳ್ಳಿ

"ಮನೆಯೊಳಗೆ ಹೇಳಿದ್ದೆಲ್ಲ ಕೇಳುತ್ತೆ. ಗೇಟು ದಾಟಿದ ಮೇಲೆ ನಾನೊಬ್ಬ ಇದ್ದೀನಿ ಅನ್ನೋದೇ ಅದಕ್ಕೆ ನೆನಪಿರಲ್ಲ." ಡಾಬರ್‌ಮನ್, ರಾಟ್‌ವೀಲರ್, ಜರ್ಮನ್ ಶೆಫರ್ಡ್ ಸಾಕಿದವರು ನನ್ನ ಹತ್ತಿರ ಬಂದಾಗ ಮೊದಲು ಹೇಳುವುದೇ ಇದು. ನಾಯಿ ಮೊಂಡ ಅಂತ ಅಷ್ಟರಲ್ಲಿ ತೀರ್ಮಾನವೂ ಆಗಿರುತ್ತದೆ.

ನಾನು ಹಾಗೆ ಅಂದುಕೊಳ್ಳುವುದಿಲ್ಲ. ಸುತ್ತಮುತ್ತ ಕಣ್ಣಿಡಲೆಂದೇ ಆರಿಸಿ ಬೆಳೆಸಿದ ತಳಿಗಳು ಇವು. ಡಾಬರ್‌ಮನ್ ತಳಿಗೆ ಹೆಸರು ಬಂದದ್ದೇ 19ನೇ ಶತಮಾನದಲ್ಲಿ ಜರ್ಮನಿಯಲ್ಲಿ ಕಾವಲಿಗೆಂದು ಈ ನಾಯಿಗಳನ್ನು ಬೆಳೆಸಿದ, ತೆರಿಗೆ ವಸೂಲಿ ಮಾಡುತ್ತಿದ್ದ ಒಬ್ಬರಿಂದ. ಅಂಥ ನಾಯಿಗೆ "ಆ ಕಡೆ ನೋಡಬೇಡ" ಅಂದರೆ ಹೇಗೆ? ನೋಡಲಿ ಬಿಡಿ. ನೋಡಿದ ಮೇಲೆ ನಿಮ್ಮ ಕಡೆ ತಿರುಗುವುದನ್ನು ಕಲಿಸಿ.

ಎದುರಿನ ನಾಯಿ ಕಣ್ಣಿಗೆ ಬೀಳಬೇಕು, ಆದರೂ ನಿಮ್ಮ ನಾಯಿ ತಿಂಡಿ ತಿನ್ನುವಂತಿರಬೇಕು. ಅಷ್ಟು ದೂರದಲ್ಲಿ ನಿಲ್ಲಿ. ತಿಂಡಿಯನ್ನು ಮೂಸಿಯೂ ನೋಡದಿದ್ದರೆ ತೀರಾ ಹತ್ತಿರ ಬಂದಿದ್ದೀರಿ ಅಂತ ಅರ್ಥ. ಹೆಸರು ಕರೆಯಬೇಡಿ, ಹಗ್ಗ ಎಳೆಯಬೇಡಿ. ಸುಮ್ನೆ ಕಾಯಿರಿ. ಮೊದಲು ಒಂದು ಕಿವಿ ನಿಮ್ಮ ಕಡೆ ವಾಲುತ್ತದೆ, ಆಮೇಲೆ ತಲೆ. ತಲೆ ತಿರುಗಿದ ಆ ಗಳಿಗೆಯಲ್ಲೇ "ಯೆಸ್" ಅನ್ನಿ, ತಕ್ಷಣ ನಿಮ್ಮ ಕಾಲಿನ ಪಕ್ಕದಲ್ಲೇ ತಿಂಡಿ ಕೊಡಿ. ಮೊದಲ ದಿನ ಅರ್ಧ ನಿಮಿಷ ಕಾಯಬೇಕಾಗಬಹುದು. ಆ ಹೊತ್ತಿನಲ್ಲಿ ನೀವು ಫೋನ್ ನೋಡುತ್ತಿದ್ದರೆ ಆ ಗಳಿಗೆ ತಪ್ಪಿಹೋಗುತ್ತದೆ. ಮನುಷ್ಯನ ಮುಖ ನೋಡುವುದು ನಾಯಿಯ ಸ್ವಭಾವದಲ್ಲೇ ಇದೆ. ಹಂಗೇರಿಯ ಸಂಶೋಧಕರು 2003ರಲ್ಲಿ ಇದನ್ನು ತೋರಿಸಿದರು: ತನ್ನಿಂದಾಗದ ಕೆಲಸ ಎದುರಾದಾಗ ನಾಯಿ ಜೊತೆಯಲ್ಲಿರುವವರ ಕಡೆ ತಿರುಗುತ್ತದೆ, ಮನುಷ್ಯರೇ ಸಾಕಿ ಬೆಳೆಸಿದ ತೋಳ ಅಷ್ಟಾಗಿ ತಿರುಗುವುದಿಲ್ಲ.

ದಿನಕ್ಕೆ ಎರಡು ಸಲ, ಮೂರು ನಾಲ್ಕು ನಿಮಿಷ ಸಾಕು. ಸ್ವಂತ ಬುದ್ಧಿ ಜಾಸ್ತಿ ಇರುವ ನಾಯಿಗೆ ತಿಂಡಿಗಿಂತ ದೊಡ್ಡ ಬಹುಮಾನ ಇನ್ನೊಂದಿದೆ. ಅದು ನಿಮ್ಮನ್ನು ನೋಡಿದ ಕೂಡಲೇ "ಹೋಗು, ಮೂಸು" ಅಂತ ಬಿಟ್ಟುಬಿಡಿ. ಬೇಕಾದ್ದು ನಿಮ್ಮ ಮೂಲಕವೇ ಸಿಗುತ್ತದೆ ಅಂತ ಗೊತ್ತಾದರೆ ಅದೇ ನಿಮ್ಮನ್ನು ಹುಡುಕುತ್ತದೆ.

ನಾಯಿಯ ಹೆಸರನ್ನು ಹಾಳು ಮಾಡಿಕೊಂಡವರೇ ಜಾಸ್ತಿ. ಬೈಯುವುದಕ್ಕೂ ಅದೇ ಹೆಸರು, ಉಗುರು ಕತ್ತರಿಸಲು ಕರೆಯುವುದಕ್ಕೂ ಅದೇ. ಹತ್ತು ಸಲ ಕೂಗಿದರೂ ಕೇಳದಿದ್ದರೆ ಹೊಸದೊಂದು ಪದ ಆರಿಸಿ. ಮನೆಯೊಳಗೆ ಆ ಪದ ಹೇಳಿದಾಗಲೆಲ್ಲ ಒಳ್ಳೆಯದೇನಾದರೂ ಕೊಡಿ.

ಕಾಲರ್ ಜಗ್ಗುವುದನ್ನು ಮಾತ್ರ ದಯವಿಟ್ಟು ಬಿಡಿ. ಇನ್ನೊಂದು ನಾಯಿ ಕಂಡಾಗಲೆಲ್ಲ ಕುತ್ತಿಗೆ ನೋಯುತ್ತಿದ್ದರೆ, ನೋವು ತಂದದ್ದು ಆ ನಾಯಿಯೇ ಅಂತ ನಿಮ್ಮದು ಕಲಿಯಬಹುದು. ಸುಮ್ಮನೆ ನೋಡುತ್ತಿದ್ದ ನಾಯಿಗಳು ಹೀಗೆಯೇ ಗುರ್ ಅನ್ನುವಂತಾದದ್ದನ್ನು ಕಂಡು ನನಗೆ ತುಂಬ ಬೇಜಾರಾಗಿದೆ. ಬಾಯಿ ಮುಚ್ಚಿ, ಮೈ ಬಿಗಿದು, ಭಾರವೆಲ್ಲ ಮುಂದಿನ ಕಾಲಿಗೆ ಬಂದರೆ ಪಾಠ ಅಲ್ಲಿಗೆ ನಿಲ್ಲಿಸಿ ದೂರ ಕರೆದುಕೊಂಡು ಹೋಗಿ. ಕಚ್ಚಿದ ನಾಯಿಯಾದರೆ ಒಬ್ಬರೇ ಪ್ರಯತ್ನಿಸಬೇಡಿ. ಸ್ವಭಾವ ಇದ್ದಕ್ಕಿದ್ದಂತೆ ಬದಲಾಗಿದ್ದರೆ ಮೊದಲು ಪಶುವೈದ್ಯರಿಗೆ ತೋರಿಸಿ, ಎಲ್ಲೋ ನೋವಿರಬಹುದು.

ಆರು ತಿಂಗಳಿಂದ ಸುಮಾರು ಒಂದೂವರೆ ವರ್ಷದವರೆಗೆ ಹರೆಯದ ಕಾಲ. ಚೆನ್ನಾಗಿ ಕಲಿತದ್ದೂ ಆಗ ಮರೆತಂತೆ ಕಾಣುತ್ತದೆ. ಹತ್ತು ಹೆಜ್ಜೆ ಹಿಂದೆ ಸರಿಯಿರಿ, ಕಿವಿ ವಾಲುವುದನ್ನು ಕಾಯುತ್ತಾ ಅಲ್ಲಿಂದ ಮತ್ತೆ ಶುರು ಮಾಡಿ.