ರಿಪೋರ್ಟೆಡ್ ಸ್ಪೀಚ್‌ಗೆ ಒಂದು ವಾಯ್ಸ್ ಮೆಸೇಜ್: ಇಂಗ್ಲಿಷ್ ಕಲಿಸುವವರಿಗೆ ನನ್ನ ಟಿಪ್ಪಣಿ

ಹೈಸ್ಕೂಲ್ ಇಂಗ್ಲಿಷ್‌ನ ಕಷ್ಟದ ಭಾಗಗಳನ್ನು ಡಿಜಿಟಲ್ ಸಾಧನ ಬಳಸಿ ಕಲಿಸುವುದು ಹೇಗೆ ಅನ್ನೋದು ಈ ಟಿಪ್ಪಣಿಯ ವಿಷಯ. ಶಿಕ್ಷಕ ತರಬೇತಿಯಲ್ಲಿರುವ ನನ್ನಂಥವರಿಗಾಗಿ ಬರೆದಿದ್ದೇನೆ. ಪ್ರೊಜೆಕ್ಟರ್ ಜೋಡಿಸುವುದು, ಸ್ಲೈಡ್ ಮಾಡುವುದು ಇಲ್ಲಿಲ್ಲ, ಅದು ನಿಮಗೆ ಬರುತ್ತೆ. ನಾನು ಎಡವಿದ ಜಾಗ ಮಾತ್ರ ಸ್ವಲ್ಪ ಉದ್ದವಾಗಿದೆ.

ಮೊದಲು ಥಿಯರಿ, ಬೇಗ ಮುಗಿಸೋಣ

ನಮ್ಮ ತರಬೇತಿಯ ಪರೀಕ್ಷೆಗೆ ಬೇಕಾದ ಹೆಸರು ಟಿಪ್ಯಾಕ್ (TPACK), ಅಂದರೆ ವಿಷಯ, ಕಲಿಸುವ ವಿಧಾನ, ತಂತ್ರಜ್ಞಾನ ಮೂರನ್ನೂ ಕೂಡಿಸಿದ ಶಿಕ್ಷಕರ ಅರಿವು. 1986ರಲ್ಲಿ ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ ಒಂದು ಮಾತು ಹೇಳಿದ್ದರು. ವಿಷಯ ಗೊತ್ತಿರುವುದು ಬೇರೆ, ಕಲಿಸುವ ವಿಧಾನ ಗೊತ್ತಿರುವುದು ಬೇರೆ, ಈ ವಿಷಯವನ್ನು ಹೇಗೆ ಕಲಿಸಬೇಕು ಅನ್ನುವುದು ಇನ್ನೂ ಬೇರೆ ಅಂತ. 2006ರಲ್ಲಿ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ ಅದಕ್ಕೆ ತಂತ್ರಜ್ಞಾನವನ್ನೂ ಸೇರಿಸಿದರು. ಒಂದರ ಮೇಲೊಂದು ಬಿದ್ದ ಮೂರು ವೃತ್ತಗಳ ಚಿತ್ರ ನೀವೂ ಬರೆದಿರುತ್ತೀರಿ. ಆ ಮೂರೂ ಕೂಡುವ ನಡುವಿನ ಜಾಗ ನನಗೆ ಅರ್ಥವಾಗಿದ್ದು ಚಿತ್ರ ನೋಡಿ ಅಲ್ಲ, ಒಂದು ಅಭ್ಯಾಸ ಪಾಠ ಕೆಟ್ಟ ಮೇಲೆ.

ನಾನು ಎಡವಿದ್ದು: ರಿಪೋರ್ಟೆಡ್ ಸ್ಪೀಚ್

ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಮ್ಮ ಮಾತಿನಲ್ಲಿ ತಿಳಿಸುವುದೇ ರಿಪೋರ್ಟೆಡ್ ಸ್ಪೀಚ್. ಅದಕ್ಕೆ ಚೆಂದದ ಸ್ಲೈಡ್ ಮಾಡಿದ್ದೆ. ‘ಟುಮಾರೋ’ ಅನ್ನುವ ಪದ ತಿರುಗುತ್ತಾ ಹೋಗಿ ‘ದ ನೆಕ್ಸ್ಟ್ ಡೇ’ ಆಗುತ್ತಿತ್ತು. ‘ವಿಲ್’ ಕರಗಿ ‘ವುಡ್’ ಆಗುತ್ತಿತ್ತು. ಮಕ್ಕಳು ಖುಷಿಯಿಂದ ನೋಡಿದರು. ಆಮೇಲೆ ನೋಟ್‌ಬುಕ್ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಬರೆದದ್ದು ಇದನ್ನೇ: ‘ಹೀ ಟೋಲ್ಡ್ ದಟ್ ಐ ವಿಲ್ ಕಮ್ ಟುಮಾರೋ.’

ಯಾಕೆ ಹೀಗೆ? ಕನ್ನಡದಲ್ಲಿ ಯೋಚಿಸಿ ನೋಡಿ. ‘ನಾಳೆ ಬರ್ತೀನಿ ಅಂತ ಹೇಳಿದ.’ ಅವನ ಬಾಯಿಂದ ಬಂದ ಮಾತನ್ನು ಹಾಗೇ ಎತ್ತಿಟ್ಟು ಹಿಂದೆ ಒಂದು ‘ಅಂತ’ ಅಂಟಿಸಿದರೆ ಆಯ್ತು. ಕ್ರಿಯಾಪದ ಅಲುಗಾಡುವುದಿಲ್ಲ. ‘ತಾನು ಬರ್ತೀನಿ ಅಂದ’ ಅನ್ನುವಾಗಲೂ ‘ನಾನು’ ಹೋಗಿ ‘ತಾನು’ ಬಂತೇ ಹೊರತು ‘ಬರ್ತೀನಿ’ ಹಾಗೇ ಉಳಿಯಿತು. ಅಂದರೆ ಮಕ್ಕಳು ದಡ್ಡತನದಿಂದ ತಪ್ಪು ಮಾಡಿದ್ದಲ್ಲ. ಕನ್ನಡದ ‘ಅಂತ’ವನ್ನು ಇಂಗ್ಲಿಷ್‌ನ ‘ದಟ್’ ಮೇಲೆ ಕೂರಿಸಿದ್ದಾರೆ, ಅಷ್ಟೇ. ಈ ಗಂಟನ್ನು ನನ್ನ ಸ್ಲೈಡ್ ಮುಟ್ಟಲೇ ಇಲ್ಲ. ಪದ ಬದಲಾಗುವುದನ್ನು ತೋರಿಸಿತು, ಯಾಕೆ ಬದಲಾಗುತ್ತೆ ಅನ್ನುವುದನ್ನು ತೋರಿಸಲಿಲ್ಲ.

ಎರಡನೇ ಸಲ ಸ್ಲೈಡ್ ಬಿಟ್ಟೆ. ಸೋಮವಾರ ಗೆಳೆಯನೊಬ್ಬನಿಂದ ಒಂದು ವಾಯ್ಸ್ ಮೆಸೇಜ್ ಕಳಿಸಿಕೊಂಡೆ: ‘ಐ ವಿಲ್ ಕಮ್ ಟುಮಾರೋ.’ ತರಗತಿಯಲ್ಲಿ ಅದನ್ನು ಕೇಳಿಸಿದ್ದು ಗುರುವಾರ. ಮೆಸೇಜಿನ ಪಕ್ಕದಲ್ಲೇ ದಿನಾಂಕ, ಸಮಯ ಇರುತ್ತಲ್ಲ, ಅದನ್ನೂ ಪರದೆಯ ಮೇಲೆ ತೋರಿಸಿದೆ. ಒಂದೇ ಪ್ರಶ್ನೆ ಕೇಳಿದೆ: ‘ಇವನು ಟುಮಾರೋ ಅಂದಿದ್ದು ಯಾವ ದಿನ?’

ಒಬ್ಬ ‘ಶುಕ್ರವಾರ’ ಅಂದ. ಇನ್ನೊಬ್ಬಳು ‘ಅಲ್ಲ ಕಣೋ, ಮಂಗಳವಾರ, ಅದು ಆಗ್ಲೇ ಮುಗೀತು’ ಅಂದಳು. ಪಾಠ ಅಲ್ಲೇ ಆಗಿಹೋಯಿತು. ಮಂಗಳವಾರ ಮುಗಿದಿದೆ. ಹಾಗಾಗಿ ಗುರುವಾರ ನಿಂತು ‘ವಿಲ್’ ಅನ್ನುವುದಕ್ಕೆ ಆಗಲ್ಲ, ‘ವುಡ್’ ಬೇಕು. ‘ಟುಮಾರೋ’ ಅಂದರೆ ಶುಕ್ರವಾರ ಆಗಿಬಿಡುತ್ತೆ, ಅದಕ್ಕೆ ‘ದ ನೆಕ್ಸ್ಟ್ ಡೇ’. ಮಾತಾಡುತ್ತಿರುವುದು ನಾನು, ಬರುವವನು ಅವನು, ಅದಕ್ಕೆ ‘ಐ’ ಹೋಗಿ ‘ಹೀ’.

ಇಲ್ಲಿ ನನ್ನ ತಲೆ ಕೆಟ್ಟ ಜಾಗ ಬರುತ್ತೆ, ನಿಧಾನವಾಗಿ ಓದಿ. ಅದೇ ಮೆಸೇಜನ್ನು ಸೋಮವಾರವೇ, ಬಂದ ಹತ್ತು ನಿಮಿಷಕ್ಕೆ ಯಾರಿಗಾದರೂ ಹೇಳುವುದಾದರೆ? ‘ಹೀ ಸೆಡ್ ಹೀ ವಿಲ್ ಕಮ್ ಟುಮಾರೋ.’ ಇದು ಸರಿಯಾದ ಇಂಗ್ಲಿಷ್! ಅವನ ನಾಳೆಯೂ ನನ್ನ ನಾಳೆಯೂ ಒಂದೇ, ಅದು ಇನ್ನೂ ಬಂದಿಲ್ಲ. ‘ವಿಲ್’ಗೆ ‘ವುಡ್’, ‘ಟುಮಾರೋ’ಗೆ ‘ದ ನೆಕ್ಸ್ಟ್ ಡೇ’ ಅನ್ನುವ ಪಟ್ಟಿ ಬಾಯಿಪಾಠ ಮಾಡಿದ್ದ ನಾನು ಇದನ್ನು ತಪ್ಪು ಅಂತಲೇ ನಂಬಿದ್ದೆ. ಸೋಮವಾರ ‘ಐ ವಿಲ್ ಕಮ್ ಆನ್ ಫ್ರೈಡೇ’ ಅಂದಿದ್ದನ್ನು ಬುಧವಾರ ಹೇಳುವಾಗ ‘ವಿಲ್’ ಕೂಡ ನಡೆಯುತ್ತೆ, ‘ವುಡ್’ ಕೂಡ ನಡೆಯುತ್ತೆ. ಶನಿವಾರ ಹೇಳುವಾಗ ‘ವುಡ್’ ಮಾತ್ರ. ಭೂಮಿ ದುಂಡಗಿದೆ ಅನ್ನುವಂಥ ಮಾತಿನಲ್ಲಿ ಕಾಲ ಬದಲಿಸಬೇಕಾಗಿಲ್ಲ ಅನ್ನುವ ನಿಯಮವೂ ಇದರದ್ದೇ ಮರಿ: ಆ ಮಾತು ಈಗಲೂ ನಿಜ.

ಹಾಗಾದರೆ ಪರೀಕ್ಷೆಯಲ್ಲಿ ಯಾವಾಗಲೂ ಬದಲಾಯಿಸಿ ಅನ್ನುತ್ತಾರಲ್ಲ? ಪರೀಕ್ಷೆಯ ವಾಕ್ಯಕ್ಕೆ ದಿನಾಂಕ ಇರುವುದಿಲ್ಲ. ಯಾವಾಗ ಹೇಳಿದ್ದು ಅಂತ ಗೊತ್ತಿಲ್ಲದಾಗ ಕಾಲ ಕಳೆದಿದೆ ಅಂತ ಇಟ್ಟುಕೊಳ್ಳುವುದು ಕ್ಷೇಮ. ಹೀಗೆ ಹೇಳಿದರೆ ಮಕ್ಕಳು ಒಪ್ಪುತ್ತಾರೆ.

ಟಿಪ್ಯಾಕ್ ಚಿತ್ರದ ನಡುವಿನ ಜಾಗ ನನಗೆ ಹೊಳೆದದ್ದು ಇಲ್ಲೇ. ಸ್ಲೈಡ್ ಯಾವ ಪಾಠಕ್ಕಾದರೂ ಆಗುತ್ತಿತ್ತು. ವಾಯ್ಸ್ ಮೆಸೇಜ್ ಹಾಗಲ್ಲ. ಹೇಳಿದ ಹೊತ್ತು ಬೇರೆ, ಕೇಳಿದ ಹೊತ್ತು ಬೇರೆ ಅನ್ನುವುದು ಅದರ ಹುಟ್ಟುಗುಣ. ರಿಪೋರ್ಟೆಡ್ ಸ್ಪೀಚಿನ ಗುಣವೂ ಅದೇ ಅಲ್ವಾ?

‘ಟೋಲ್ಡ್ ದಟ್’ ತಪ್ಪಿಗೆ ಬೇರೆ ಮದ್ದು. ಕನ್ನಡದಲ್ಲಿ ‘ಸೇ’, ‘ಟೆಲ್’ ಎರಡಕ್ಕೂ ‘ಹೇಳು’ ಒಂದೇ. ಮೆಸೇಜ್ ಕಳಿಸುವಾಗ ಯಾರಿಗೆ ಅಂತ ಆರಿಸುತ್ತೀವಲ್ಲ, ‘ಟೆಲ್’ಗೂ ಹಾಗೇ ಒಬ್ಬ ಮನುಷ್ಯ ಬೇಕು: ‘ಟೋಲ್ಡ್ ಮೀ’, ‘ಟೋಲ್ಡ್ ಹರ್’. ‘ಸೆಡ್’ಗೆ ಬೇಡ.

ಪ್ರೆಸೆಂಟ್ ಪರ್ಫೆಕ್ಟ್

‘ಹ್ಯಾಸ್ ಕಮ್’, ‘ಹ್ಯಾಸ್ ಚೇಂಜ್ಡ್’ ಥರದ ರೂಪ ಇದು. ‘ಅವನು ನಿನ್ನೆ ಬಂದಿದ್ದಾನೆ’ ಕನ್ನಡದಲ್ಲಿ ಸಲೀಸು. ‘ಹೀ ಹ್ಯಾಸ್ ಕಮ್ ಯೆಸ್ಟರ್ಡೇ’ ಇಂಗ್ಲಿಷ್‌ನಲ್ಲಿ ತಪ್ಪು. ಗೂಗಲ್ ಡಾಕ್ಸ್‌ನಲ್ಲಿ ಒಂದು ಕಥೆ ತೆರೆದು ಎರಡು ಹೆಸರು ಬದಲಾಯಿಸಿ. ಈಗ ಕಾಣುವ ಪುಟ ನೋಡಿ ಹೇಳುವುದು: ‘ಸಮ್‌ಒನ್ ಹ್ಯಾಸ್ ಚೇಂಜ್ಡ್ ದ ನೇಮ್ಸ್.’ ಯಾವ ಬದಲಾವಣೆ ಯಾವಾಗ ಆಯ್ತು ಅಂತ ತೋರಿಸುವ ವರ್ಶನ್ ಹಿಸ್ಟರಿ ತೆರೆದರೆ ಗಂಟೆ, ನಿಮಿಷ ಕಾಣುತ್ತೆ. ಸಮಯ ಕಂಡ ಕೂಡಲೇ ‘ಹ್ಯಾಸ್’ ಬಿಟ್ಟು ‘ಚೇಂಜ್ಡ್’ ಮಾತ್ರ. ಇಷ್ಟು ಸಾಕು.

ಪದದ ಒತ್ತು

‘ಫೋಟೋಗ್ರಾಫ್’ನಲ್ಲಿ ಒತ್ತು ಮೊದಲ ಅಕ್ಷರಕ್ಕೆ. ‘ಫೋಟೋಗ್ರಾಫರ್’ನಲ್ಲಿ ಎರಡನೆಯದಕ್ಕೆ, ‘ಫೋಟೋಗ್ರಾಫಿಕ್’ನಲ್ಲಿ ಮೂರನೆಯದಕ್ಕೆ. ನಾವು ಎಲ್ಲ ಅಕ್ಷರಕ್ಕೂ ಸಮನಾಗಿ ನ್ಯಾಯ ಕೊಟ್ಟು ಓದುತ್ತೀವಿ. ಒತ್ತು ಇಲ್ಲದ ಕಡೆ ಇಂಗ್ಲಿಷ್ ಸ್ವರವನ್ನು ನುಂಗಿಬಿಡುತ್ತೆ. ಆ ನುಂಗಿದ ಸ್ವರಕ್ಕೆ ನಮ್ಮ ಲಿಪಿಯಲ್ಲಿ ಅಕ್ಷರವೇ ಇಲ್ಲ, ನಾನು ಮೇಲೆ ಬರೆದ ರೂಪಗಳೂ ಅದಕ್ಕೇ ಮೋಸ ಮಾಡುತ್ತವೆ.

ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ದನಿ ಅಲೆಯಾಗಿ ಕಾಣುತ್ತೆ. ಒತ್ತು ಬಿದ್ದ ಕಡೆ ಅಲೆ ಸಾಮಾನ್ಯವಾಗಿ ದಪ್ಪ, ಅಗಲ. ಆದರೆ ಅಲೆಯ ಎತ್ತರ ಬರೀ ಜೋರನ್ನು ತೋರಿಸುತ್ತೆ, ದನಿಯ ಏರಿಳಿತವನ್ನಲ್ಲ. ‘ಜೋರಾಗಿ ಕೂಗಿದರೆ ಒತ್ತು’ ಅಂತ ಮಕ್ಕಳು ಅಂದುಕೊಂಡರೆ ಕಿವಿಗೆ ಕಷ್ಟ. ಇನ್ನೊಂದು: ನಿಧಾನವಾಗಿ ಕೇಳಿಸಲು ‘ಚೇಂಜ್ ಟೆಂಪೋ’ ಬಳಸಿ. ನಾನು ‘ಚೇಂಜ್ ಸ್ಪೀಡ್’ ಒತ್ತಿ ದನಿಯೇ ರಾಕ್ಷಸನದ್ದಾಯ್ತು, ತರಗತಿ ಹತ್ತು ನಿಮಿಷ ನಕ್ಕಿತು. ಟೆಂಪೋ ಬದಲಿಸಿದರೆ ವೇಗ ಮಾತ್ರ ಇಳಿಯುತ್ತೆ. ರೆಕಾರ್ಡಿಂಗ್‌ಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ನೆಟ್‌ವರ್ಕ್ ನಂಬಬೇಡಿ.

ಪ್ಯಾಸಿವ್ ವಾಯ್ಸ್ (ಕರ್ಮಣಿ ಪ್ರಯೋಗ): ಇನ್ನೂ ಹುಡುಕುತ್ತಿದ್ದೇನೆ

ಬಾಣದ ಗುರುತು ಹಾಕಿ ಕರ್ತೃವನ್ನೂ ಕರ್ಮವನ್ನೂ ಅದಲುಬದಲು ಮಾಡುವ ಅನಿಮೇಶನ್‌ಗಿಂತ ಸೀಮೆಸುಣ್ಣವೇ ವಾಸಿ. ಕಷ್ಟ ಇರುವುದು ಅದಲುಬದಲಿನಲ್ಲಿ ಅಲ್ಲ. ಯಾರು ಅಂತ ಗೊತ್ತಿಲ್ಲದಾಗ ನಾವು ‘ಕಿಟಕಿ ಒಡೆದಿದ್ದಾರೆ’ ಅಂದುಬಿಡುತ್ತೀವಿ, ಕರ್ತೃ ಇಲ್ಲದೆಯೇ. ಪ್ಯಾಸಿವ್ ಬೇಕು ಅಂತಲೇ ಅನ್ನಿಸುವುದಿಲ್ಲ. ಸದ್ಯಕ್ಕೆ ಒಂದು ಯೋಚನೆ ಇದೆ: ಒಬ್ಬ ಗೋಡೆಗೆ ಬಣ್ಣ ಬಳಿಯುತ್ತಿರುವ ಫೋಟೋ ಮೊದಲು, ಆಮೇಲೆ ಅದೇ ಫೋಟೋವನ್ನು ಕ್ರಾಪ್ ಮಾಡಿ ಆಳನ್ನು ತೆಗೆದು ಗೋಡೆ ಮಾತ್ರ. ಎರಡನೆಯದಕ್ಕೆ ಗೋಡೆಯಿಂದ ಶುರುವಾಗುವ ವಾಕ್ಯ ಕೇಳಬೇಕು. ಮುಂದಿನ ಅಭ್ಯಾಸ ಪಾಠಕ್ಕೆ ಇದನ್ನೇ ಇಟ್ಟುಕೊಂಡಿದ್ದೇನೆ.